ಆನೆಯ ಇನ್ನರ್ಧ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಆನೆಯಿತ್ತು. ಖಿದಿರ್‌ಪುರದ ಎರಡು ಕೋಣೆಯ ಮನೆಯಲ್ಲಿ ಆನೆಯನ್ನು ಎಲ್ಲಿ ಕಟ್ಟುತ್ತಿದ್ದಿರಿ ಎಂದು ನನ್ನ ಮೊಮ್ಮಕ್ಕಳು ಕೇಳುತ್ತಾರೆ. ಕಟ್ಟುತ್ತಿರಲಿಲ್ಲ. ಮಂಚದ ಕೆಳಗೆ, ತಗಡಿನ ಟ್ರಂಕಿನಲ್ಲಿ, ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಮಲಗಿಸುತ್ತಿದ್ದೆವು. ವರ್ಷಕ್ಕೊಮ್ಮೆ ಎಬ್ಬಿಸುತ್ತಿದ್ದೆವು. ಉಳಿದ ದಿನಗಳಲ್ಲಿ ಅದು ಹುಲ್ಲು ಕೇಳದೆ, ನೀರು ಕೇಳದೆ, ಯಾರಿಗೂ ತೊಂದರೆ ಕೊಡದೆ ಬಹಳ ಸಭ್ಯವಾಗಿ ಇರುತ್ತಿತ್ತು. ಮನೆಯ ಮಕ್ಕಳಿಗೆ ಅದರ ನಡತೆಯನ್ನೇ ಮೇಲ್ಪಂಕ್ತಿಯಾಗಿ ತೋರಿಸುತ್ತಿದ್ದರು.

ಆನೆ ಎಂದರೆ ಮರದ ಅಚ್ಚು. ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಕೊಡುವ ಬಿಳಿಯ ಸಕ್ಕರೆ ಅಚ್ಚುಗಳನ್ನು ನೀವು ತಿಂದಿರಬಹುದು. ಅವು ಹುಟ್ಟುವುದು ಇಂಥ ಮರದ ಹೊಟ್ಟೆಯಲ್ಲಿ. ಅಂಗೈಯಗಲದ ಎರಡು ತುಂಡುಗಳು. ಒಂದರಲ್ಲಿ ಆನೆಯ ಎಡ ಮೈಯನ್ನು ಒಳಗುಳಿಯಾಗಿ ಕೆತ್ತಿರುತ್ತಾರೆ, ಇನ್ನೊಂದರಲ್ಲಿ ಬಲ ಮೈಯನ್ನು. ಎರಡನ್ನೂ ಮುಖಕ್ಕೆ ಮುಖ ಹಚ್ಚಿ, ದಾರದಿಂದ ಬಿಗಿದು, ಆನೆಯ ಕಾಲಡಿಯ ತೂತಿನಿಂದ ಬಿಸಿ ಸಕ್ಕರೆ ಪಾಕ ಹೊಯ್ಯಬೇಕು. ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿದರೆ ಒಳಗಿಂದ ಬಿಳಿಯಾನೆ ಹೊರಬರುತ್ತದೆ. ಇಂದ್ರನ ಐರಾವತ ಕ್ಷೀರಸಾಗರ ಕಡೆದಾಗ ಹುಟ್ಟಿತಂತೆ. ನಮ್ಮದು ರೇಷನ್ ಸಕ್ಕರೆ ಕಾಯಿಸಿದಾಗ.

ಗಿಳಿ, ಮೀನು, ತುಳಸಿಕಟ್ಟೆಯ ಅಚ್ಚುಗಳೂ ಇದ್ದವು. ಆದರೆ ಮೊದಲ ಪಾಕ ಯಾವಾಗಲೂ ಆನೆಗೇ. ಅದು ಅಮ್ಮನ ಅಜ್ಜಿಯ ಕಾಲದ್ದು. ಮೈಸೂರಿನ ತವರಿನಿಂದ ಅಮ್ಮನ ಮಡಿಲಲ್ಲಿ ಕೂತು ರೈಲಿನಲ್ಲಿ ಹೌರಾಕ್ಕೆ ಬಂದದ್ದು. ಆ ತವರುಮನೆಯಲ್ಲಿ ಒಂದು ಪದ್ಧತಿಯಿತ್ತು. ಮನೆಯ ಹೆಣ್ಣುಮಗಳು ಮೊದಲ ಸಲ ಪಾಕ ಹೊಯ್ಯುವುದು ಆನೆಗೆ. ಆನೆ ಮುರಿಯದೆ ಹೊರಬಂದರೆ ಅಚ್ಚಿನ ಬೆನ್ನಿನ ಮೇಲೆ ಅವಳು ಚಾಕುವಿನಿಂದ ಅಕ್ಕಿಕಾಳಿನುದ್ದದ ಒಂದು ಗೀರು ಹಾಕಬೇಕು. ಹೆಸರಿಲ್ಲ, ತಾರೀಖಿಲ್ಲ, ಬರೀ ಗೀರು. ಅಮ್ಮ ಒಂದೊಂದರ ಮೇಲೂ ಬೆರಳಿಟ್ಟು, ಇದು ನಮ್ಮಜ್ಜಿ, ಇದು ನಮ್ಮಮ್ಮ, ಇದು ನಿಮ್ಮ ದೊಡ್ಡಮ್ಮ, ಅವಸರದವಳು, ನೋಡು ಎಷ್ಟು ಓರೆ, ಇದು ನಾನು ಎಂದು ಹೇಳುತ್ತಿದ್ದಳು. ಅಮ್ಮನ ಗೀರಿನ ಪಕ್ಕ ಜಾಗ ಖಾಲಿಯಿತ್ತು. ಆ ಜಾಗ ಅಕ್ಕನದು. ಆ ವರ್ಷದ ಸಂಕ್ರಾಂತಿಗೆ ಎಂದು ತೀರ್ಮಾನವಾಗಿತ್ತು. ಅಕ್ಕನಿಗೆ ಹನ್ನೊಂದು ವರ್ಷ. ದೀಪಾವಳಿಯಿಂದಲೇ ಅವಳು ಚೊಂಬಿನ ನೀರನ್ನು ಶಾಯಿ ಬಾಟಲಿಗೆ ತೊಟ್ಟೂ ಚೆಲ್ಲದೆ ಹೊಯ್ಯುವ ಅಭ್ಯಾಸ ನಡೆಸಿದ್ದಳು.

ಹುಡುಗರಿಗೆ ಈ ಪದ್ಧತಿ ಅನ್ವಯಿಸುತ್ತಿರಲಿಲ್ಲ. ಮುಟ್ಟಬಾರದು ಎಂದೇನೂ ಅಲ್ಲ. ಮುಟ್ಟಿದರೆ ಒಡೆಯುತ್ತಾರೆ ಎಂಬ ಇತಿಹಾಸಪ್ರಜ್ಞೆ ಅಮ್ಮನಿಗಿತ್ತು. ನನಗೆ ವಹಿಸಿದ ಕೆಲಸವೆಂದರೆ, ಅಚ್ಚಿಗೆ ದಾರ ಸುತ್ತಿ ಗಂಟು ಹಾಕುವಾಗ ಗಂಟಿನ ಮೇಲೆ ಬೆರಳು ಒತ್ತಿ ಹಿಡಿಯುವುದು. ಅದನ್ನು ನಾನು ಬಹಳ ದೊಡ್ಡ ಹುದ್ದೆಯೆಂದು ತಿಳಿದಿದ್ದೆ.

ಸಂಕ್ರಾಂತಿಯ ಹಿಂದಿನ ದಿನ ಭಾನುವಾರವಾಗಿತ್ತು. ಬೆಳಿಗ್ಗೆ ಚಳಿಯ ಮಂಜು ಇನ್ನೂ ಕರಗಿರಲಿಲ್ಲ. ಹಡಗುಕಟ್ಟೆಯ ಕಡೆಯಿಂದ ಹಡಗೊಂದು ನೆಗಡಿ ಹಿಡಿದವರ ಹಾಗೆ ಕೂಗುತ್ತಿತ್ತು. ಬೀದಿಯಲ್ಲಿ ಖರ್ಜೂರದ ಮರದ ಹೊಸ ಬೆಲ್ಲದ ವಾಸನೆ, ಕಲ್ಲಿದ್ದಲ ಒಲೆಗಳ ಹೊಗೆ. ಒಣ ಮರಕ್ಕೆ ಪಾಕ ಹೊಯ್ದರೆ ಸಕ್ಕರೆ ಅಂಟಿಕೊಂಡುಬಿಡುತ್ತದೆ. ಆದ್ದರಿಂದ ಅಚ್ಚುಗಳನ್ನು ಮೊದಲು ನೀರಿನಲ್ಲಿ ನೆನೆಸಬೇಕು. ಅಮ್ಮ ಟ್ರಂಕು ಎಳೆದು, ಸೀರೆಯ ಗಂಟು ಬಿಚ್ಚಿ, ಒಂದೊಂದೇ ಅಚ್ಚನ್ನು ಬಕೆಟ್ಟಿಗೆ ಇಳಿಸಿದಳು. ಗಿಳಿ ಇಳಿಯಿತು. ಮೀನು ಇಳಿಯಿತು. ತುಳಸಿಕಟ್ಟೆ ಇಳಿಯಿತು. ಆನೆಯನ್ನು ಎತ್ತಿದಾಗ ಒಂದು ಅರ್ಧ ಕೈಗೆ ಬಂತು; ಇನ್ನೊಂದು ಅರ್ಧ ರವೆಯ ಹಾಗೆ ಬೆರಳ ಸಂದಿಯಿಂದ ಉದುರಿತು.

ಗೆದ್ದಲು. ಮಳೆಗಾಲದಲ್ಲಿ ಟ್ರಂಕಿನ ತಳಕ್ಕೆ ತುಕ್ಕು ಹಿಡಿದು ತೂತಾಗಿತ್ತು, ಅಲ್ಲಿಂದ ಒಳಗೆ ಬಂದಿದ್ದವು. ಪಕ್ಕದಲ್ಲೇ ಇದ್ದ ಮೀನಿಗೆ ಏನೂ ಆಗಿರಲಿಲ್ಲ. ಕಲ್ಕತ್ತೆಯಲ್ಲಿ ಹುಟ್ಟಿ ಬೆಳೆದು, ಮೀನು ಬಿಟ್ಟು ಆನೆ ತಿಂದ ಗೆದ್ದಲು ನಮ್ಮ ಮನೆಯದೊಂದೇ ಇರಬೇಕು.

ಅಮ್ಮ ಉಳಿದ ಅರ್ಧವನ್ನು ತಿರುಗಿಸಿ ನೋಡಿದಳು. ಗೀರುಗಳೆಲ್ಲ ಅದರ ಬೆನ್ನಿನ ಮೇಲೆ ಭದ್ರವಾಗಿದ್ದವು. ಅಷ್ಟಾದರೂ ಅವಳ ಮುಖ ಮಂಕಾಯಿತು. “ಈ ವರ್ಷ ಆನೆ ಇಲ್ಲ ಬಿಡು. ಗಿಳಿ ಹೊಯ್ಯಿ” ಎಂದಳು ಅಕ್ಕನಿಗೆ.

“ಗಿಳಿಗೆ ಹೊಯ್ದರೆ ಗೀರು ಎಲ್ಲಿ ಹಾಕ್ಲಿ?”

“ಗಿಳಿ ಬೆನ್ನಿನ ಮೇಲೆ ಹಾಕು.”

“ನಿನ್ನದು ಆನೆ ಮೇಲೆ, ಅಜ್ಜೀದು ಆನೆ ಮೇಲೆ. ನಂದು ಮಾತ್ರ ಗಿಳಿ ಮೇಲಾ? ನಾನು ಹೊಯ್ಯಲ್ಲ.”

“ಹೊಯ್ಯದಿದ್ರೆ ಬಿಡು. ಮರ ಹೋದ್ಮೇಲೆ ನಾನೇನು ಮಾಡ್ಲಿ, ಬಸುರಾಗಿ ಹೆರಲಾ ಆನೇನ?”

ಅಮ್ಮ ಸಿಟ್ಟಿನಲ್ಲಿ ಹಾಗೆಂದಳೇ ಹೊರತು ಸೀರೆಯ ಸೆರಗಿನಿಂದ ಮರದ ಪುಡಿಯನ್ನು ಒಂದೇ ಕಡೆ ಗುಡಿಸುತ್ತಿದ್ದಳು, ಬಿಸಾಡಲಿಕ್ಕೆ ಮನಸ್ಸು ಬರುತ್ತಿರಲಿಲ್ಲ. ಅಕ್ಕ ಅಳಲಿಲ್ಲ. ಅವಳು ಅಳುವ ಪೈಕಿಯೇ ಅಲ್ಲ. ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿ ನಿಂತಳು. ಎಲ್ಲಿಗೆ ಹೋಗಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಹೊರಡುವುದಂತೂ ಖಂಡಿತವಾಗಿತ್ತು.

ಅಪ್ಪ ಪತ್ರಿಕೆಯನ್ನು ಮಡಿಸಿಟ್ಟರು. ಅಪ್ಪನಿಗೆ ಹಡಗುಕಟ್ಟೆಯಲ್ಲಿ ಕೆಲಸ. ಇಳಿದ ಸರಕು, ಮೊದಲೇ ಕಳಿಸಿದ ಮಾದರಿಗೆ ಸರಿಯಾಗಿದೆಯೇ ಎಂದು ನೋಡಿ ಒಪ್ಪುವುದು ಅಥವಾ ತಿರಸ್ಕರಿಸುವುದು. ಅಕ್ಕಿಯಿರಲಿ, ಮೊಳೆಯಿರಲಿ, ಮಾದರಿಗಿಂತ ಕೂದಲೆಳೆ ಬೇರೆಯಾದರೂ ಅವರ ಹುಬ್ಬು ಮೇಲೇರುತ್ತಿತ್ತು. ಮನೆಯಲ್ಲಿ ಚಪಾತಿಯೂ ಆ ಹುಬ್ಬಿನ ಕೆಳಗೇ ಹಾದುಹೋಗಬೇಕಿತ್ತು.

“ಉತ್ತರದ ಕಡೆ, ಚಿತ್‌ಪುರದ ರಸ್ತೇಲಿ, ಸಂದೇಶ ಅನ್ನೋ ಮಿಠಾಯಿಯ ಅಚ್ಚು ಕೆತ್ತೋರು ಸಾಲಾಗಿ ಕೂತಿರ್ತಾರೆ. ಮಾದರಿ ಕೈಯಲ್ಲಿದೆ. ಕೆತ್ತಿಸಿದ್ರೆ ಆಯ್ತು” ಎಂದರು.

“ರೀ, ನಾಳೆ ಹಬ್ಬ” ಎಂದಳು ಅಮ್ಮ.

“ಅದಕ್ಕೇ ಇವತ್ತು ಹೋಗ್ತಿರೋದು.”

ನನಗೆ ಮಂಕಿ ಕ್ಯಾಪ್ ತೊಡಿಸಲಾಯಿತು. ಕಲ್ಕತ್ತೆಯ ಚಳಿಯಲ್ಲಿ ಮಂಕಿ ಕ್ಯಾಪ್ ಇಲ್ಲದೆ ಮಗುವನ್ನು ಹೊರಗೆ ಕರೆದೊಯ್ಯುವುದು ಆಗ ಅಪರಾಧಕ್ಕೆ ಸಮ. ಕಣ್ಣು ಮೂಗು ಮಾತ್ರ ಕಾಣುವಂತೆ, ಸಣ್ಣ ಡಕಾಯಿತನ ಹಾಗೆ, ನಾನು ಟ್ರಾಮು ಹತ್ತಿದೆ.

ಖಿದಿರ್‌ಪುರದಿಂದ ಎಸ್ಪ್ಲನೇಡಿಗೆ ಹೋಗುವ ಟ್ರಾಮು ಮೈದಾನದ ಹುಲ್ಲಿನ ನಡುವೆಯೇ ಹೋಗುತ್ತಿತ್ತು. ಎರಡೂ ಕಡೆ ಮರಗಳು, ಮಂಜಿನಲ್ಲಿ ಮೇಯುತ್ತಿದ್ದ ಕುರಿಗಳು, ಬಿಳಿ ಬಟ್ಟೆ ತೊಟ್ಟು ಚೆಂಡಿಗಾಗಿ ಹುಲ್ಲಿನಲ್ಲಿ ಹುಡುಕುತ್ತಿದ್ದ ಹುಡುಗರು. ಕಿಟಕಿಯ ಮರದ ಚೌಕಟ್ಟು ಹಲ್ಲು ಕಡಿಯುವ ಹಾಗೆ ಕಟಕಟ ಎನ್ನುತ್ತಿತ್ತು. ಅಕ್ಕ ಯಾವುದನ್ನೂ ನೋಡಲಿಲ್ಲ. ಅರ್ಧ ಆನೆಯನ್ನು ಎರಡೂ ಕೈಯಿಂದ ಎದೆಗೊತ್ತಿ, ಟ್ರಾಮನ್ನು ತಾನೇ ತಳ್ಳುತ್ತಿರುವವಳಂತೆ ಮುಂದೆ ಬಾಗಿ ಕೂತಿದ್ದಳು. ಎಸ್ಪ್ಲನೇಡಿನಲ್ಲಿ ಇಳಿದು ಇನ್ನೊಂದು ಟ್ರಾಮು ಹಿಡಿದೆವು. ಅದು ಚಿತ್‌ಪುರದ ಇಕ್ಕಟ್ಟಿನಲ್ಲಿ ಅಂಗಡಿಯವರ ಮಂಡಿಗೆ ಮಂಡಿ ತಾಗಿಸುವಷ್ಟು ಹತ್ತಿರದಲ್ಲಿ, ಎಲ್ಲರ ಕುಶಲ ವಿಚಾರಿಸುತ್ತ ಹೊರಟಂತೆ ನಿಧಾನವಾಗಿ ಹೋಯಿತು.

ಅಚ್ಚಿನ ಅಂಗಡಿ ಒಂದು ಬೀರುವಿನಷ್ಟಿತ್ತು. ಗೋಡೆ ತುಂಬ ಅಚ್ಚುಗಳು: ಶಂಖ, ಮಾವಿನಕಾಯಿ, ಹೂವು, ಚಿಟ್ಟೆ, ಮತ್ತೆ ಎಣಿಸಲಾಗದಷ್ಟು ಮೀನು. ನಡುವೆ ಮರದ ಚಕ್ಕೆಗಳ ರಾಶಿಯಲ್ಲಿ ಕೂತಿದ್ದ ಮಿಸ್ತ್ರಿ, ಕಾಲ್ಬೆರಳಿನಲ್ಲಿ ಮರದ ತುಂಡು ಒತ್ತಿಹಿಡಿದು ಸಣ್ಣ ಉಳಿಯಿಂದ ಕೆತ್ತುತ್ತಿದ್ದ. ಬಂಗಾಳದಲ್ಲೂ ಅಂದು ಸಂಕ್ರಾಂತಿಯ ಅವಸರ. ಅವನ ಮೂಗಿನ ಮೇಲೂ ಚಕ್ಕೆಯಿತ್ತು, ಒರೆಸಿಕೊಳ್ಳಲು ಪುರಸೊತ್ತಿರಲಿಲ್ಲ.

ಅಪ್ಪ ಬಂಗಾಳಿಯಲ್ಲಿ ವಿಷಯ ತಿಳಿಸಿದರು. ಅಪ್ಪನ ಬಂಗಾಳಿ ಸರ್ಕಾರಿ ಪತ್ರದ ಹಾಗೆ ಇರುತ್ತಿತ್ತು, ತಪ್ಪಿರುತ್ತಿರಲಿಲ್ಲ, ನಗುವೂ ಇರುತ್ತಿರಲಿಲ್ಲ. ಮಿಸ್ತ್ರಿ ತಲೆ ಎತ್ತದೆ ಹೇಳಿದ: “ಹಬ್ಬ ಕಳೆದ ಮೇಲೆ ಬನ್ನಿ, ದಾದಾ.”

“ಹಬ್ಬಕ್ಕೇ ಬೇಕಾಗಿರೋದು.”

“ಎಲ್ಲರಿಗೂ ಹಬ್ಬಕ್ಕೇ ಬೇಕು. ನನಗೂ ಹಬ್ಬ ಬೇಕು.”

ಹೊರಡೋಣವೆಂದು ಅಪ್ಪ ಅಕ್ಕನ ಕೈಯಿಂದ ಅರ್ಧ ಆನೆಯನ್ನು ತೆಗೆದುಕೊಳ್ಳಲು ಕೈ ಚಾಚಿದರು. ಆನೆ ಅಲ್ಲಿರಲಿಲ್ಲ. ಅಕ್ಕ ಅದನ್ನು ಮಿಸ್ತ್ರಿಯ ಮುಂದಿನ ಮಣೆಯ ಮೇಲೆ ಇಟ್ಟು, ಅಂಗಡಿಯ ಮೆಟ್ಟಿಲಿನ ಮೇಲೆ ಕೂತುಬಿಟ್ಟಿದ್ದಳು. ಫ್ರಾಕನ್ನು ಮಂಡಿಯ ಮೇಲೆ ಸರಿಯಾಗಿ ಎಳೆದುಕೊಂಡು, ಕೈ ಕಟ್ಟಿ, ರಸ್ತೆಯ ಕಡೆ ಮುಖ ಮಾಡಿ.

“ಏಳು ಖುಕಿ, ಗಿರಾಕಿ ಬರ್ತಾರೆ” ಎಂದ ಮಿಸ್ತ್ರಿ. ಖುಕಿ ಎಂದರೆ ಪುಟ್ಟಿ.

“ಬರಲಿ. ದಾಟಿಕೊಂಡು ಹೋಗ್ತಾರೆ.”

“ನಿನ್ನ ಮೇಲೆ ಚಕ್ಕೆ ಬೀಳುತ್ತೆ.”

“ಬೀಳಲಿ.”

“ಸಾಯಂಕಾಲ ಅಂಗಡಿ ಮುಚ್ತೀನಿ.”

“ಮುಚ್ಚಿ. ನಾನು ಹೊರಗಡೇನೇ ಇದ್ದೀನಲ್ಲ.”

ಮಿಸ್ತ್ರಿ ಅಪ್ಪನ ಮುಖ ನೋಡಿದ. ಅಪ್ಪ ಆಕಾಶದ ಕಡೆ ನೋಡಿದರು. ಈ ಸರಕನ್ನು ತಾನು ಒಪ್ಪಿದ್ದೂ ಅಲ್ಲ, ತಿರಸ್ಕರಿಸಲು ಸಾಧ್ಯವೂ ಇಲ್ಲ ಎಂಬಂತಿತ್ತು ಅವರ ಭಾವ. ಒಬ್ಬ ಗಿರಾಕಿ ಬಂದು ಅಕ್ಕನನ್ನು ದಾಟಿಕೊಂಡು ಹೋದ. ಇನ್ನೊಬ್ಬಳು ದಪ್ಪ ಹೆಂಗಸು ಬಂದಳು, ದಾಟಲಾಗದೆ, “ಪಾಪ, ಈ ಮಗು ಏನು ಕೇಳ್ತಿದೆಯೋ ಕೊಟ್ಟುಬಿಡಬಾರದೇನಪ್ಪ?” ಎಂದು ಮಿಸ್ತ್ರಿಯನ್ನೇ ಗದರಿಸಿದಳು. ಮಿಸ್ತ್ರಿ ಕೈಯಲ್ಲಿದ್ದ ಮೀನನ್ನು ಪಕ್ಕಕ್ಕಿಟ್ಟು ಆನೆಯನ್ನು ಎತ್ತಿಕೊಂಡ.

“ಹೇಗೆ ಬೇಕು?” ಎಂದು ಕೇಳಿದ.

ಅಪ್ಪ ಗಂಟಲು ಸರಿಮಾಡಿಕೊಂಡರು. ಮೂವತ್ತು ಸಾವಿರ ಮೂಟೆಗಳ ಹಡಗಿಗೆ ಒಪ್ಪಿಗೆ ಕೊಡುವ ಧ್ವನಿಯಲ್ಲಿ ಹೇಳಿದರು: “ಇದು ಮಾದರಿ. ಹೀಗೇ ಬೇಕು. ಕಣ್ಣು, ಕಿವಿ, ಸೊಂಡಿಲು, ಬಾಲ, ಒಂದು ಕೂದಲೂ ಆಚೀಚೆ ಆಗಬಾರದು.”

ಮಿಸ್ತ್ರಿ ಕೆತ್ತತೊಡಗಿದ. ಉಳಿಯ ಟಕ್ ಟಕ್ ಸದ್ದಿಗೆ ಹಸಿಮರದ ವಾಸನೆ ಏಳುತ್ತಿತ್ತು. ಎದುರಿನ ಅಂಗಡಿಯಿಂದ ಅಪ್ಪ ಮುತ್ತುಗದೆಲೆಯ ದೊನ್ನೆಯಲ್ಲಿ ಬಿಸಿ ಕಚೂರಿ, ಆಲೂಗಡ್ಡೆ ಪಲ್ಯ ತಂದರು. ನಾನು ಮಂಕಿ ಕ್ಯಾಪಿನ ಕಿಂಡಿಯಿಂದಲೇ ತಿಂದೆ. ಅಕ್ಕ ಜಾಗ ಬಿಟ್ಟು ಏಳಲಿಲ್ಲ, ಎದ್ದರೆ ಮಿಸ್ತ್ರಿ ಮತ್ತೆ ಮೀನಿಗೆ ಮರಳುವನೆಂದು ಅವಳ ಗುಮಾನಿ. ಕೂತಲ್ಲೇ ತಿಂದಳು, ಎಡಗೈಯಲ್ಲಿ ಅವನ ಮಣೆಯ ಅಂಚು ಹಿಡಿದುಕೊಂಡು.

ಮಧ್ಯಾಹ್ನದ ಹೊತ್ತಿಗೆ ಆನೆ ಮುಗಿಯಿತು. ಮಿಸ್ತ್ರಿ ಹಳೆಯದನ್ನೂ ಹೊಸದನ್ನೂ ಮಣೆಯ ಮೇಲೆ ಅಕ್ಕಪಕ್ಕ ಇಟ್ಟ. “ನೋಡಿಕೊಳ್ಳಿ ದಾದಾ. ಅವಳಿ ಅಣ್ಣತಮ್ಮ” ಎಂದ. ಅಪ್ಪ ಬಾಗಿದರು. ಹುಬ್ಬು ಸಿದ್ಧವಾಗಿ ನಿಂತಿತು. ಕಣ್ಣಿಗೆ ಕಣ್ಣು, ಕಿವಿಗೆ ಕಿವಿ, ಸೊಂಡಿಲಿನ ತುದಿಯ ಸುರುಳಿಗೆ ಸುರುಳಿ ನೋಡಿದರು. ಹುಬ್ಬು ಇಳಿಯಿತು. “ಒಪ್ಪಿಗೆ” ಎಂದರು. ಮನೆಯಲ್ಲಾಗಲಿ ಹೊರಗಾಗಲಿ ಅಪ್ಪ ಒಂದೇ ನೋಟಕ್ಕೆ ಏನನ್ನಾದರೂ ಒಪ್ಪಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹೊಸ ಮರ ಬೇಗ ನೆನೆಯಲಿ ಎಂದು ಅಕ್ಕ ಅದನ್ನು ಅಂಗಡಿಯ ನೀರಿನ ಗಡಿಗೆಯಲ್ಲೇ ಅದ್ದಿ, ಅಪ್ಪನ ಟವೆಲನ್ನೂ ಅದ್ದಿ, ಒದ್ದೆ ಗಂಟು ಮಾಡಿ ಮಡಿಲಲ್ಲಿಟ್ಟುಕೊಂಡು ಟ್ರಾಮಿನಲ್ಲಿ ಕೂತಳು. ಗಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಶಾಲು ಹೊದ್ದ ಹಿರಿಯರೊಬ್ಬರ ಧೋತಿಯ ಮೇಲೂ ತೊಟ್ಟಿಕ್ಕಿತು. ಅವರು ಸಿಟ್ಟಾಗಲಿಲ್ಲ. ಕಲ್ಕತ್ತೆಯಲ್ಲಿ ಭಾನುವಾರ ಒದ್ದೆ ಗಂಟಿನಲ್ಲಿ ಒಂದೇ ವಸ್ತು ಇರಲು ಸಾಧ್ಯ. ಬಹಳ ಆಸ್ಥೆಯಿಂದ ಬಗ್ಗಿ ಕೇಳಿದರು: “ಯಾವ ಮೀನು, ಖುಕಿ?”

“ಆನೆ” ಎಂದಳು ಅಕ್ಕ.

ಹಿರಿಯರು ಧೋತಿ ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದರು.

ಮನೆಗೆ ಬಂದಾಗ ಇಳಿಹೊತ್ತು. ಅಮ್ಮ ಹೊಸ ಅರ್ಧವನ್ನು ಮೂಗಿಗೆ ಹಿಡಿದು ಮೂಸಿ, ಬಕೆಟ್ಟಿಗೆ ಇಳಿಸಿ, ಒಲೆ ಹೊತ್ತಿಸಿದಳು. ಸಕ್ಕರೆಗೆ ನೀರು, ಕೊಳೆ ಬಿಡಿಸಲು ಒಂದು ಸೌಟು ಹಾಲು. ಕೊಳೆ ನೊರೆಯಾಗಿ ಮೇಲೆ ಬಂದಾಗ ಬಟ್ಟೆಯಲ್ಲಿ ಸೋಸಿದಳು. ಪಾಕ ಮತ್ತೆ ಒಲೆಯೇರಿತು. ಮನೆಯೆಲ್ಲ ಬೆಚ್ಚಗಿನ ಸಿಹಿ ವಾಸನೆ. ಅಕ್ಕ ಆನೆಯ ಎರಡೂ ಅರ್ಧಗಳನ್ನು ಜೋಡಿಸಿ, ಕಾಲಡಿಯ ತೂತಿಗೆ ತೂತು ಸರಿಹೊಂದಿಸಿ ದಾರ ಸುತ್ತಿದಳು. ನಾನು ಗಂಟಿನ ಮೇಲೆ ಬೆರಳೊತ್ತಿದೆ. ಅಷ್ಟು ಬಲವಾಗಿ ನಾನು ಬದುಕಿನಲ್ಲಿ ಮತ್ತೇನನ್ನೂ ಒತ್ತಿಲ್ಲ.

ಪಾಕ ಹಾಲುಬಿಳುಪಾಗಿ ಅಂಚಿನಲ್ಲಿ ಮರಳುಮರಳಾಗುವ ಕ್ಷಣ ಒಂದಿದೆ. ಅದಕ್ಕೆ ಮುಂಚೆ ಹೊಯ್ದರೆ ಗಟ್ಟಿಯಾಗದು, ಆಮೇಲೆ ಹೊಯ್ದರೆ ಒಳಗಿಳಿಯದು. “ಈಗ!” ಎಂದಳು ಅಮ್ಮ. ಅಕ್ಕ ಹೊಯ್ದಳು. ಒಂದೇ ಧಾರೆ, ನೂಲಿನ ಹಾಗೆ. ಒಂದು ತೊಟ್ಟೂ ಹೊರಗೆ ಬೀಳಲಿಲ್ಲ. ಅವಳ ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು.

ಆರಲು ಬಿಟ್ಟು, ದಾರ ಬಿಚ್ಚಿ, ಅಮ್ಮ ಹಳೆಯ ಅರ್ಧವನ್ನು ಮೆಲ್ಲನೆ ಎತ್ತಿದಳು. ಆನೆ ಬಂದಿತ್ತು! ಕಣ್ಣು, ಕಿವಿ, ಸೊಂಡಿಲು, ಎಲ್ಲ ಅಮ್ಮನ ಅಜ್ಜಿಯ ಆನೆಯೇ. ಮುರಿದಿರಲಿಲ್ಲ, ಬಿರುಕೂ ಇರಲಿಲ್ಲ. ಅಕ್ಕ ಮೊದಲ ಬಾರಿ ಉಸಿರು ಬಿಟ್ಟಳು. ಆದರೆ ಬಾಲದ ಹಿಂದೆ ಏನೋ ಚಾಚಿಕೊಂಡಿತ್ತು. ಅಮ್ಮ ಹೊಸ ಅರ್ಧವನ್ನೂ ತೆಗೆದು ಆನೆಯನ್ನು ಅಂಗೈ ಮೇಲೆ ನಿಲ್ಲಿಸಿದಳು.

ಆನೆಗೆ ಎರಡು ಸೊಂಡಿಲಿದ್ದವು. ಮುಂದೊಂದು, ಹಿಂದೊಂದು.

ಈ ಕಡೆಯಿಂದ ನೋಡಿದರೆ ಆನೆ ಹೌರಾ ಕಡೆಗೆ ಹೊರಟಿತ್ತು, ತಿರುಗಿಸಿ ನೋಡಿದರೆ ಸಮುದ್ರದ ಕಡೆಗೆ. ಬಾಲ ಎರಡಿದ್ದವು, ಆದರೆ ಒಂದೊಂದೂ ಇನ್ನೊಂದರ ತಲೆಗೆ ಅಂಟಿಕೊಂಡು ಕಿವಿಯ ಗೆರೆಯಂತೆ ಕಾಣುತ್ತಿತ್ತು.

“ಇನ್ನೊಂದು ಹೊಯ್ತೀನಿ” ಎಂದಳು ಅಕ್ಕ. ಹೊಯ್ದಳು. ಅದಕ್ಕೂ ಎರಡು ಸೊಂಡಿಲು. ಅಚ್ಚಿಗೂ ಅವಳಷ್ಟೇ ಹಟ.

ಅಪ್ಪ ಎರಡೂ ಅರ್ಧಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತರು. ಅಕ್ಕಪಕ್ಕ ಇಟ್ಟರೆ ಅವಳಿ. ಮುಖಕ್ಕೆ ಮುಖ ಹಚ್ಚಿದರೆ ಒಂದರ ತಲೆ ಇನ್ನೊಂದರ ಬಾಲದ ಮೇಲೆ. ಕೊನೆಗೆ ನನ್ನ ಬಲಗೈ ಎಳೆದುಕೊಂಡು ತಮ್ಮ ಬಲಗೈಗೆ ಅಂಗೈಗೆ ಅಂಗೈ ಹಚ್ಚಿ ನೋಡಿದರು. ನನ್ನ ಹೆಬ್ಬೆರಳು ಅವರ ಕಿರುಬೆರಳಿನ ಪಕ್ಕ ಹೋಗಿ ನಿಂತಿತು. ನೀವೂ ಪಕ್ಕದಲ್ಲಿರುವವರ ಜೊತೆ ಮಾಡಿ ನೋಡಿ, ಗೊತ್ತಾಗುತ್ತದೆ. ಹೆಬ್ಬೆರಳಿಗೆ ಹೆಬ್ಬೆರಳು ಸೇರಬೇಕಾದರೆ ಒಂದು ಎಡಗೈ, ಒಂದು ಬಲಗೈ ಬೇಕು. ಅಪ್ಪ ಕೆತ್ತಿಸಿಕೊಂಡು ಬಂದದ್ದು ಎರಡನೆಯ ಬಲಗೈ. ಸಂದೇಶದ ಅಚ್ಚಿಗೆ ಇನ್ನರ್ಧವೇ ಇರುವುದಿಲ್ಲ, ಒಂದೇ ಮೈ. ಜೋಡಿಯ ಗೊಡವೆ ಮಿಸ್ತ್ರಿಗೆ ಬಂದೇ ಇರಲಿಲ್ಲ. ಕೂದಲೂ ಆಚೀಚೆ ಆಗಬಾರದೆಂದು ಆಜ್ಞೆಯಾಗಿತ್ತು, ಅವನು ಆಗಲು ಬಿಡಲಿಲ್ಲ.

“ಮಾದರಿಗೆ ಸರಿಯಾಗೇ ಇದೆ” ಎಂದರು ಅಪ್ಪ, ಮೆಲ್ಲಗೆ.

ಅಮ್ಮ ಎದ್ದು ಒಳಗೆ ಹೋಗಿ ಚಾಕು ತಂದಳು. ಅಕ್ಕನ ಮುಖ ಸುಣ್ಣದ ಹಾಗಾಯಿತು. ಹೆಚ್ಚಿನ ಸೊಂಡಿಲನ್ನು ಅಮ್ಮ ಕತ್ತರಿಸಿಬಿಡುತ್ತಾಳೆಂದೇ ನಾವಿಬ್ಬರೂ ತಿಳಿದೆವು. ಅಕ್ಕ ಆನೆಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದಳು. “ಬೇಡಮ್ಮ. ಮುರಿಯದೆ ಬಂದಿದೆ ಅದು.”

“ಗೊತ್ತು ಕಣೇ, ನನಗೂ ಕಣ್ಣಿದೆ” ಎಂದಳು ಅಮ್ಮ. ಹಳೆಯ ಅರ್ಧವನ್ನು ಬೋರಲು ಹಾಕಿ, ತನ್ನ ಗೀರಿನ ಪಕ್ಕದ ಖಾಲಿ ಜಾಗವನ್ನು ಒರೆಸಿ, ಚಾಕುವಿನ ಹಿಡಿಯನ್ನು ಅಕ್ಕನ ಕಡೆ ತಿರುಗಿಸಿದಳು. “ಮುರಿಯದೆ ಬರಬೇಕು ಅಂತ ನಮ್ಮಜ್ಜಿ ಹೇಳಿದ್ರು. ಸೊಂಡಿಲು ಎಷ್ಟಿರಬೇಕು ಅಂತ ಹೇಳಿರಲಿಲ್ಲ. ಹಾಕು.”

ಅಕ್ಕ ಗೀರು ಹಾಕಿದಳು. ಆಮೇಲೆ ಅಮ್ಮ ಆನೆಯನ್ನು ಮತ್ತೊಮ್ಮೆ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಅವಳ ನಗು ನಿಲ್ಲುವ ಹೊತ್ತಿಗೆ ಒಲೆಯ ಮೇಲಿದ್ದ ಗಿಳಿಯ ಪಾಕ ಗಟ್ಟಿ ಬಂಡೆಯಾಗಿತ್ತು.

ಮರುದಿನ ಎಳ್ಳುಬೆಲ್ಲದ ತಟ್ಟೆಯಲ್ಲಿ ಆನೆಯನ್ನೇ ಮುಂದಿಟ್ಟುಕೊಂಡು ಅಕ್ಕ ಮನೆಮನೆಗೆ ಹೋದಳು. ಪಕ್ಕದ ಮನೆಯ ಮಾಶಿಮಾ, ಎಂದರೆ ಬಂಗಾಳಿ ಚಿಕ್ಕಮ್ಮ, ಎರಡು ಸೊಂಡಿಲು ಕಂಡು, ಇದು ದಕ್ಷಿಣದ ಯಾವುದೋ ದೊಡ್ಡ ದೇವರಿರಬೇಕೆಂದು ಕೈಮುಗಿದು ತಮ್ಮ ದೇವರ ಗೂಡಿನಲ್ಲಿ ಕೂರಿಸಿದರು. ನಾವು ತಿದ್ದಲು ಹೋಗಲಿಲ್ಲ. ಕಾಲಕ್ರಮದಲ್ಲಿ ಇರುವೆಗಳು ಶಾಸ್ತ್ರೋಕ್ತವಾಗಿ ವಿಸರ್ಜನೆ ಮಾಡಿದವು. ಮುಂದಿನ ವರ್ಷ, ನಮ್ಮ ಠಾಕೂರ್, ಅಂದರೆ ದೇವರು, ಎಲ್ಲಿ ಎಂದು ಮಾಶಿಮಾ ತಾವೇ ಬಾಗಿಲಿಗೆ ಬಂದರು. ಅಪ್ಪ, ಸರಿಯಾದ ಅರ್ಧ ಕೆತ್ತಿಸಿ ತರುತ್ತೇನೆಂದು ಆ ವರ್ಷವೂ ಅದರ ಮುಂದಿನ ವರ್ಷವೂ ಹೇಳಿ ನೋಡಿದರು. ಅಕ್ಕ ಬಿಡಲಿಲ್ಲ. “ಹಾಗಾದ್ರೆ ನನ್ನ ಗೀರು ಸುಳ್ಳಾಗುತ್ತೆ” ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಈಗ ಖಿದಿರ್‌ಪುರದ ಆ ಟ್ರಾಮು ಇಲ್ಲ. ನಾನು ಈ ಊರು ಬಿಡಲಿಲ್ಲ. ಕಸ್ಬಾದಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದೇನೆ. ಕಿಟಕಿಯಿಂದ ಮಾಲ್ ಕಾಣುತ್ತದೆ, ಮಂಜು ಕಾಣುವುದು ಅಪರೂಪ. ಮೊಮ್ಮಕ್ಕಳಿಬ್ಬರಿಗೂ ಸಕ್ಕರೆ ಬೇಕೆಂದರೆ ಫೋನು ಒತ್ತಿದರೆ ಸಾಕು, ಪುಡಿ ಮಾಡಿದ್ದೇ ಬಾಗಿಲಿಗೆ ಬರುತ್ತದೆ. ಈ ಜನವರಿಯಲ್ಲಿ ಶಾಲೆಯವರು ಮನೆಯ ಹಳೆಯ ವಸ್ತುವೊಂದನ್ನು ತಂದು ಅದರ ಕಥೆ ಹೇಳಬೇಕೆಂದಿದ್ದರು. ನನ್ನನ್ನೇ ಕರೆದೊಯ್ಯುವ ಯೋಚನೆಯೂ ಮಕ್ಕಳಿಗೆ ಒಮ್ಮೆ ಬಂದಿತ್ತು. ಆಮೇಲೆ, ಅಕ್ಕ ಮೈಸೂರಿನಿಂದ ನನ್ನ ಮಗಳ ಕೈಯಲ್ಲಿ ಕಳಿಸಿದ್ದ ಅಚ್ಚಿನ ಗಂಟು ಬಿಚ್ಚಿದೆವು. ಫೋಟೋ ತೆಗೆದು ಮುಗಿಸೋಣ ಎಂದಿತು ಚಿಕ್ಕದು. ಇದು ಫೋಟೋ ತೆಗೆಸಿಕೊಳ್ಳುವ ಆನೆಯಲ್ಲ, ಹೊಯ್ಸಿಕೊಳ್ಳುವ ಆನೆ ಎಂದೆ ನಾನು.

ಹೊಗೆಯಿಲ್ಲದ ಇಂಡಕ್ಷನ್ ಒಲೆ. ಬಕೆಟ್ಟಿನ ಬದಲು ಪ್ಲಾಸ್ಟಿಕ್ ಡಬ್ಬಿ. ಡಬ್ಬಿಗೆ ಒರಗಿಸಿಟ್ಟ ಫೋನಿನೊಳಗಿಂದ ಅಕ್ಕ, ಎಂಬತ್ತರ ಹತ್ತಿರದಲ್ಲಿ, ಕನ್ನಡಕದೊಳಗಿಂದ ಕೆಂಗಣ್ಣು ಬಿಡುತ್ತ: “ಇನ್ನೂ ಇಲ್ಲ! ತಡಿ! ಅಂಚು ನೋಡೇ ಅಂಚು! ಈಗ!” ಹತ್ತು ತುಂಬಿದ ಮೊಮ್ಮಗಳು ಹೊಯ್ದಳು. ಆನೆ ಬಂತು, ಎರಡೂ ಕಡೆ ನಡೆಯುತ್ತ. “ತಾತ, ಇದು ಸೋ ವಿಯರ್ಡ್” ಎಂದು ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ತಿನ್ನಲು ಯಾರಿಗೂ ಕೊಡಲಿಲ್ಲ. ಅಕ್ಕನ ಗೀರಿನ ಮುಂದೆ, ನನ್ನ ಮಗಳು ಚಿಕ್ಕವಳಿದ್ದಾಗ ಹಾಕಿದ್ದ ಗೀರಿನ ಪಕ್ಕ, ತನ್ನ ಗೀರು ಹಾಕಿದಳು.

ಮೊಮ್ಮಗ ಗೀರುಗಳ ಮೇಲೆ ಬೆರಳಾಡಿಸುತ್ತ ಕೇಳಿದ: “ತಾತ, ಆಪ್‌ಕಾ ಕೌನ್‌ಸಾ? ನಿಮ್ದು ಯಾವುದು?”

ನಂದಿಲ್ಲ ಎಂದೆ. ನಾನು ಗಂಟು ಹಿಡಿಯುವ ಹುದ್ದೆಯಲ್ಲಿದ್ದವನು ಎಂದು ವಿವರಿಸಿದೆ. ಅವನು ಒಪ್ಪಲಿಲ್ಲ. ಅಡುಗೆಮನೆಯ ಬಾಗಿಲಿನಲ್ಲಿ ಕೈ ಕಟ್ಟಿ ಕೂತುಬಿಟ್ಟ. ತಾತ ಹೊಯ್ಯುವವರೆಗೆ, ಆಮೇಲೆ ತಾನೂ ಹೊಯ್ಯುವವರೆಗೆ ಏಳುವುದಿಲ್ಲವಂತೆ. ಆ ಭಂಗಿ ನನಗೆ ಪರಿಚಯದ್ದು. ಫೋನಿನ ಕಡೆ ನೋಡಿದೆ. ಅಕ್ಕನಿಗೂ ಪರಿಚಯವಾಗಿರಬೇಕು, ಕನ್ನಡಕ ಸರಿಮಾಡಿಕೊಂಡಳು.

“ಒಡೀತಾನೆ” ಎಂದಳು. ಮತ್ತೆ, “ಹೊಯ್ಯಲಿ ಬಿಡು” ಎಂದಳು.

ಮಕ್ಕಳೇ, ನಿಮ್ಮ ಮನೆಯಲ್ಲೂ ಮಂಚದ ಕೆಳಗೋ ಅಟ್ಟದ ಮೇಲೋ ಏನಾದರೂ ಮಲಗಿರುತ್ತದೆ. ಅದನ್ನು ಎಬ್ಬಿಸಿ. ಗಾಜಿನ ಬೀರುವಿನಲ್ಲಿ ಇಡಬೇಡಿ. ಅದರಿಂದ ಏನು ಮಾಡುತ್ತಿದ್ದರೋ ಅದನ್ನೇ ಮಾಡಿ. ತಪ್ಪಾಗಿ ಬಂದರೆ ಇನ್ನೂ ಒಳ್ಳೆಯದು, ಅದು ನಿಮ್ಮದಾಗುತ್ತದೆ.

ಮೊಮ್ಮಗ ನನ್ನ ಗಂಟಿನ ಮೇಲೆ ಬೆರಳೊತ್ತಿದ. ನಾನು ಹೊಯ್ದೆ. ಅರ್ಧ ಪಾಕ ಒಲೆಯ ಮೇಲೆ ಹೋಯಿತು, ಉಳಿದರ್ಧದಿಂದ ಆನೆ ಹೇಗೋ ಮುರಿಯದೆ ಬಂತು. ಹಳೆಯ ಅರ್ಧದ ಬೆನ್ನು ಹೆಣ್ಣುಮಕ್ಕಳಿಗೇ ಇರಲಿ ಎಂದು, ಚಿತ್‌ಪುರದ ಅರ್ಧವನ್ನು ಬೋರಲು ಹಾಕಿ, ಅಷ್ಟು ವರ್ಷ ಬರಿದಾಗಿದ್ದ ಅದರ ಬೆನ್ನಿನ ಮೇಲೆ ಮೊದಲ ಗೀರು ಹಾಕಿದೆ.

“ಸೊಟ್ಟಗಿದೆ” ಎಂದಳು ಅಕ್ಕ ಫೋನಿನಿಂದ.

ಸೊಟ್ಟಗೇ ಇದೆ. ಅದರ ಪಕ್ಕದಲ್ಲಿ ಇನ್ನೊಂದಿದೆ, ಅದಕ್ಕಿಂತ ಸೊಟ್ಟ.